ಮೌಲಾಹುಸೇನನ ಕಿವಿಗೆ ಸಿಗದ ಸದ್ದು

ಕೂಡ್ಲಿಗಿಯ ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜಿಟ್ಟ ಮೌಲಾಹುಸೇನನಿಗೆ ಬೋರ್ಡಿನ ಹಂಗಿರಲಿಲ್ಲ. ಅವನ ಕಿವಿಯೇ ಬೋರ್ಡು. ಎಂಜಿನ್ ಶುರುಮಾಡಿಸಿ, ಕಣ್ಣು ಮುಚ್ಚಿ ಕೇಳಿ, ರೋಗ ಇಂಥದ್ದೇ ಎಂದು ಹೇಳಿಬಿಡುವ ಆಸಾಮಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವನಲ್ಲ. ಅಂಥವನ ಮಾನವನ್ನು ಮೇಷ್ಟ್ರು ಕೊಟ್ರಬಸಪ್ಪನವರ ಹಳೇ ಸ್ಕೂಟರು ಹರಾಜು ಹಾಕಲು ಕುಳಿತಿತ್ತು.

ಗಾಡಿ ಕಿರ್ ಕಿರ್ ಅನ್ನುತ್ತದೆ ಎಂದಷ್ಟೇ ಮೇಷ್ಟ್ರ ದೂರು. ಮೌಲಾಹುಸೇನ ಬ್ರೇಕು ಬಿಚ್ಚಿದ, ಬೇರಿಂಗು ಬದಲಿಸಿದ, ಕಂಡಕಂಡಲ್ಲಿ ಎಣ್ಣೆ ಬಿಟ್ಟ. ಎಂಜಿನ್ ಓಡುವಾಗ ಎಲ್ಲವೂ ಸರಿ. ಮನೆಗೆ ಒಯ್ದ ಮೇಷ್ಟ್ರು ಮರುದಿನ ಮತ್ತೆ ಹಾಜರು. ಮೂರನೆಯ ಸಲ ಬಂದಾಗ, ಸಂಜೆಯೊಳಗೆ ಆಗದಿದ್ದರೆ ಹಗರಿಬೊಮ್ಮನಹಳ್ಳಿಯ ಶೋರೂಮಿಗೆ ಒಯ್ಯುತ್ತೇನೆ, ಅಲ್ಲಿ ಕಂಪ್ಯೂಟರ್ ಇದೆಯಂತೆ ಎಂದು ಸಂಕೋಚದಿಂದಲೇ ಹೇಳಿ ಹೋದರು. ಮೌಲಾಹುಸೇನನಿಗೆ ಬಹಳ ನೋವಾಯಿತು. ಕಂಪ್ಯೂಟರಿಗೆ ಕಿವಿ ಎಲ್ಲಿದೆ ಎಂದು ಕೇಳಬೇಕೆನಿಸಿತು.

ಮಧ್ಯಾಹ್ನ ಬುತ್ತಿ ತಂದ ಮಗಳು ಸೈಮಾಳ ಇನ್ನೊಂದು ಕೈಯಲ್ಲಿ ಗಾಜಿನ ಡಬ್ಬಿಯಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಅವಳು ಅದರಲ್ಲಿ ಹಸಿಮಣ್ಣು ಹಾಕಿ ಒಂದು ಜೀರುಂಡೆ ಸಾಕಿದ್ದಳು. ಅದರ ಹಿಂದೆ ಚಾಚಿದ ಸೂಜಿ ಕಂಡು ಅಪ್ಪ ಹಿಂದೆ ಸರಿದ. ಅದು ಕಡಿಯುವ ಸೂಜಿಯಲ್ಲ, ಮಣ್ಣಿಗೆ ಚುಚ್ಚಿ ಮೊಟ್ಟೆಯಿಡುವುದು, ಇದು ಹೆಣ್ಣು, ಇದಕ್ಕೊಂದು ಗಂಡು ಹುಡುಕಿ ಹುಡುಕಿ ಸಾಕಾಗಿದೆ ಎಂದಳು ಸೈಮಾ.

ಬಿಸಿಲಿಗೆಂದು ಷಟರ್ ಎಳೆದು ಊಟಕ್ಕೆ ಕುಳಿತದ್ದೇ ತಡ, ಕತ್ತಲಾದ ಗ್ಯಾರೇಜಿನಲ್ಲಿ ಸ್ಕೂಟರು ಕಿರ್ ಎಂದಿತು. ಎಂಜಿನ್ ಬಂದ್ ಆಗಿತ್ತು. ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಓಡುವ ಗಾಡಿಗೆ ಕಿವಿಗೊಟ್ಟವನು ನಿಂತ ಗಾಡಿಗೆ ಕಿವಿಗೊಟ್ಟಿರಲೇ ಇಲ್ಲ.

"ತಡಿ. ಇದು ಕಬ್ಬಿಣಕ್ಕ ಕಬ್ಬಿಣ ಅಲ್ಲ. ಒಣಗಿದ್ದು ಎರಡು ತಿಕ್ಯಾಡಾಕ ಹತ್ಯಾವ."

ಸೈಮಾ ನಕ್ಕಳು. ಮಿಡತೆಯ ದೊಡ್ಡ ಬಳಗದಲ್ಲಿ ಗಿಡ್ಡ ಮೀಸೆಯವರು ಕಾಲನ್ನು ರೆಕ್ಕೆಗೆ ಉಜ್ಜುತ್ತಾರೆ, ಉದ್ದ ಮೀಸೆಯ ಜೀರುಂಡೆಗಳು ರೆಕ್ಕೆಗೆ ರೆಕ್ಕೆ ಉಜ್ಜುತ್ತವೆ, ಹಾಡುವವನು ಗಂಡೇ ಎಂದು ವಿವರಿಸುತ್ತಲೇ ಹರಿದ ಸೀಟಿನೊಳಗೆ ಕೈ ಹಾಕಿದಳು. ಸ್ಪಂಜಿನ ಸಂದಿಯಲ್ಲಿ ಮೀಸೆ ಕುಣಿಸುತ್ತ ಅವನು ಸಿಕ್ಕ.

ಡಬ್ಬಿಗೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, ಬೇರೆಯೇ ಒಂದು ದನಿ ಎದ್ದಿತು. ಮೌಲಾಹುಸೇನ ಎಂದಿನಂತೆ ಕಣ್ಣು ಮುಚ್ಚಿದ.

"ಆಗ ಕರಿತಿದ್ದ. ಈಗ ಒಲಿಸ್ಕೊಳ್ಳಾಕ ಹತ್ಯಾನ."

ಸೈಮಾಳ ಪುಸ್ತಕ ಇದನ್ನೇ ಹೇಳಲು ಎರಡು ಪುಟ ತೆಗೆದುಕೊಂಡಿತ್ತು. ಅವಳಿಗೆ ಅಪ್ಪನ ಮೇಲೆ ಅಕ್ಕರೆ ಉಕ್ಕಿತು.

ಸಂಜೆ ಮೇಷ್ಟ್ರು ಬಂದು, ಕಡೆಗೂ ರೋಗ ಏನಿತ್ತು ಎಂದು ಕೇಳಿದರು. ಮೌಲಾಹುಸೇನ ಕೈ ಒರೆಸಿಕೊಂಡು ಡಬ್ಬಿಯನ್ನು ಅವರ ಮುಂದಿಟ್ಟ.

"ರೋಗ ಅಲ್ರಿ, ವಯಸ್ಸು. ನಿಮ್ಮ ಸೀಟಿನ ಕೆಳಗ ಮದುವಿಗೆ ಬಂದ ಹುಡುಗ ಇದ್ದ. ಹೆಣ್ಣು ತೋರಿಸಿದ್ವಿ, ಒಪ್ಪ್ಯಾನ. ಶೋರೂಮಿನ ಕಂಪ್ಯೂಟರ್ ಇಂಥಾ ಸಂಬಂಧ ಕೂಡಿಸಂಗಿಲ್ರಿ."