ಗಂಗಮ್ಮ ಕೇಳದ ದನಿ

ಪೀಣ್ಯದ ಟೂಲ್‌ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಗ್ರೈಂಡಿಂಗ್ ಮಾಡಿದ ಪಂಚಾಕ್ಷರಿಯ ತಲೆಯೊಳಗೆ ಎರಡು ತಂತಿ, ಎದೆಯ ಚರ್ಮದಡಿ ಒಂದು ಬ್ಯಾಟರಿ. ಕೈನಡುಕಕ್ಕೆಂದು ಚೆನ್ನೈನಲ್ಲಿ ಹಾಕಿಸಿದ್ದು. ಹಠ ಹಿಡಿದು ಆಪರೇಷನ್‌ಗೆ ಒಪ್ಪಿಸಿದವಳು ಹೆಂಡತಿ ಸಿದ್ದಗಂಗಮ್ಮ. ಪುಣ್ಯಾತ್ಗಿತ್ತಿ, ಆ ದಿನ ಬರುವ ಮೊದಲೇ ಜಾಂಡೀಸು ಬಂದು ಹೋಗಿಬಿಟ್ಟಳು. ಮಕ್ಕಳಿರಲಿಲ್ಲ.

ಕರೆಂಟು ಕೈಯನ್ನೇನೋ ಹಿಡಿತಕ್ಕೆ ತಂತು, ನಾಲಿಗೆಯನ್ನು ಮಾತ್ರ ಕೆಡಿಸಿತು. ಅವನು ಏನೇ ಹೇಳಿದರೂ ಬಾಯಿತುಂಬ ಅನ್ನ ಇಟ್ಟುಕೊಂಡು ಹೇಳಿದಂತೆ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಿದ್ದ. ಪಕ್ಕದ ಮೆಷಿನ್ನಿನ ಈರಪ್ಪ ಮೊದಮೊದಲು "ಏನಣ್ಣಾ?" ಅಂತ ಮತ್ತೆ ಕೇಳುತ್ತಿದ್ದವನು, ಆಮೇಲೆ ಎಲ್ಲದಕ್ಕೂ "ಹೂಂ ಕಣಣ್ಣಾ" ಅಂದು ತಿರುಗಿಕೊಳ್ಳತೊಡಗಿದ. ಆ "ಹೂಂ" ಪಂಚಾಕ್ಷರಿಯ ಹೊಟ್ಟೆ ಉರಿಸುತ್ತಿತ್ತು.

ಕರೆಂಟು ಸರಿಮಾಡುವವರನ್ನು ಹುಡುಕಿ ನಾಲ್ಕು ಆಸ್ಪತ್ರೆ ಅಲೆದ. "ನಮ್ಮತ್ರ ಆ ಕಂಪನಿ ಮೆಷಿನ್ ಇಲ್ಲ ಸಾರ್, ಹಾಕಿಸ್ಕೊಂಡ ಕಡೆನೇ ಹೋಗಿ." ಚೆನ್ನೈ ಡಾಕ್ಟರೋ ವಿದೇಶಕ್ಕೆ ಹಾರಿದ್ದರು. ಇನ್ನೆಲ್ಲಿಗೆ ಹೋಗುವುದು, ಸುಡುಗಾಡಿಗೆ? ಕೊನೆಗೆ ವೈಟ್‌ಫೀಲ್ಡಿನ ಒಂದು ಆಸ್ಪತ್ರೆಗೆ ಗುರುವಾರ ಮಾತ್ರ ಬರುವ ಡಾಕ್ಟರಮ್ಮ ಸಿಕ್ಕರು.

ಫ್ಯಾಕ್ಟರಿಗೆ ಆಡಿಟ್‌ನವರು ಬಂದರೆ ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ಸದ್ದಿಲ್ಲದೆ ಓಡಿಸಿ ತೋರಿಸುವುದು ಪೀಣ್ಯದ ಪದ್ಧತಿ. ಇವನೂ ಹಾಗೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ನಡುಕದ ಮಾತ್ರೆ ಒಂದರ ಬದಲು ಎರಡು ನುಂಗಿ ಹೋದ.

"ಮಾತ್ರೆಯಲ್ಲಿ ಕಾಯಿಲೇನೇ ಮುಚ್ಕೊಂಡು ಬಂದ್ರೆ ನಾನೇನ್ ನೋಡ್ಲಿ ಪಂಚಾಕ್ಷರಿ ಅವ್ರೇ? ಮುಂದಿನ್ ವಾರ ಬೆಳಗ್ಗೆ ಮಾತ್ರೆ ಬಿಟ್ಟು ಬನ್ನಿ. ನಿಮ್ಮ ಹಳೇ ದನಿ ಕೇಳಿರೋರು ಯಾರನ್ನಾದ್ರೂ ಕರ್ಕೊಂಡ್ ಬನ್ನಿ."

ಯಾರನ್ನು ಕರೆಯುವುದು? ಜೊತೆಯ ಹಳಬರೆಲ್ಲ ಕೆಲಸ ಬಿಟ್ಟು ಊರು ಸೇರಿದ್ದರು, ಈರಪ್ಪ ಸೇರಿದ್ದೇ ಆಪರೇಷನ್ ಆದಮೇಲೆ. ಒಬ್ಬನೇ ಹೊರಟ. ಮಾತ್ರೆ ಬಿಟ್ಟ ಮೈ ಮರಗಟ್ಟಿತ್ತು, ಹೆಜ್ಜೆ ತೊಡರುತ್ತಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಇಳಿಯುವ ಸ್ಟಾಪಿನ ಹೆಸರು ಬಾಯಿಂದ ಹೊರಡದು. "ಬೆಳಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯಲ್ಲಯ್ಯಾ, ಇಳಿ ಇಳಿ," ಎಂದು ಕಂಡಕ್ಟರ್ ಹೆಬ್ಬಾಳದಲ್ಲಿ ಇಳಿಸಿಯೇಬಿಟ್ಟ. ಜನ ನಕ್ಕರು. ಜೀವಮಾನದಲ್ಲಿ ಹೆಂಡ ಮುಟ್ಟದವನಿಗೆ ಅಳು ಬಂತು. ಮುಂದಿನ ಬಸ್ಸಿನಲ್ಲಿ ಆಸ್ಪತ್ರೆ ಕಾರ್ಡನ್ನೇ ಹಿಡಿದು ತೋರಿಸಿದ.

ಡಾಕ್ಟರಮ್ಮ ಕಾದಿದ್ದರು. ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಕುರ್ಚಿ ತೋರಿಸಿದರು. "ದಿನಾ ಆಡ್ತಿದ್ದ ಮಾತು ಯಾವ್ದಾದ್ರೂ ಹೇಳಿ. ಹೇಳ್ತಾನೇ ಇರಿ," ಎಂದು ಎದೆಯ ಮೇಲೊಂದು ಉಪಕರಣ ಇಟ್ಟು ಕರೆಂಟು ಇಳಿಸತೊಡಗಿದರು.

ದಿನಾ ಆಡುತ್ತಿದ್ದ ಮಾತು! ಶಿಫ್ಟ್ ಮುಗಿಸಿ ಬಂದು ಹೇಳುತ್ತಿದ್ದುದು ಒಂದೇ.

"ಗಂಗೂ, ಬಾಗ್ಲು ತೆಗಿಯೇ." ಅನ್ನ ತುಂಬಿದ ಬಾಯಿ.

ಇನ್ನಷ್ಟು ಇಳಿಸಿದರು. "ಗಂಗೂ, ಬಾಗ್ಲು ತೆಗಿಯೇ." ಬಲಗೈ ಸಣ್ಣಗೆ ನಡುಗಿತು.

ಮತ್ತೂ ಇಳಿಸಿದರು. "ಗಂಗೂ, ಬಾಗ್ಲು ತೆಗಿಯೇ."

ಈ ಸಲ ಬಾಯಲ್ಲಿ ಅನ್ನವಿರಲಿಲ್ಲ. ಪಂಚಾಕ್ಷರಿ ಥಟ್ಟನೆ ನಿಲ್ಲಿಸಿದ. ಕೈ ಈಗ ಮೇಜಿನ ಮೇಲೆ ಟಕಟಕ ಬಡಿಯುತ್ತಿತ್ತು.

"ಇಷ್ಟಕ್ಕೇ ಬಿಟ್ರೆ ಗ್ರೈಂಡಿಂಗ್ ಕೆಲ್ಸ ಕಷ್ಟ. ಸ್ವಲ್ಪ ಏರಿಸ್ಲಾ?"

"ಬೇಡ ಡಾಕ್ಟ್ರಮ್ಮ, ಇದೇ ಇರ್ಲಿ."

"ಇದೇ ಹಳೇ ದನಿ ಅಂತ ಗೊತ್ತಾಯ್ತಾ?"

"ಅವಳು ಇದ್ದಿದ್ರೆ," ಎಂದ ಪಂಚಾಕ್ಷರಿ ಸ್ಪಷ್ಟವಾಗಿ, "ಈಗ ಎದ್ದು ಬಂದು ತೆಗೀತಿದ್ಲು."