ಇಲ್ಲದ ಗೋಪುರ

ವಿಮಾನ ಹಾರಿಸುವವರ ನಕ್ಷೆಯನ್ನು ನೀವು ನೋಡಿರಲಿಕ್ಕಿಲ್ಲ. ಅದರ ತುಂಬ ಚೌಕಗಳು, ಪ್ರತಿ ಚೌಕದ ನಡುವೆ ಒಂದು ದಪ್ಪ ಅಂಕಿ, ಪಕ್ಕದಲ್ಲೊಂದು ಸಣ್ಣ ಅಂಕಿ. ದಪ್ಪ ಎಂಟು, ಸಣ್ಣ ನಾಲ್ಕು ಇದ್ದರೆ ಎಂಟು ಸಾವಿರದ ನಾನೂರು ಅಡಿ. ಮೋಡದೊಳಗೆ ಮೂಗಿನ ತುದಿ ಕಾಣದಿದ್ದರೂ ಅಷ್ಟು ಎತ್ತರದಲ್ಲಿದ್ದವರು ಆ ಚೌಕದಲ್ಲಿ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಲೆಕ್ಕ ಮಹಾ ವಿದ್ಯೆಯೇನಲ್ಲ. ಚೌಕದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟವನ್ನೋ ಗೋಪುರವನ್ನೋ ಹುಡುಕಬೇಕು. ತಗ್ಗಿನ ನೆಲವಾದರೆ ಸಾವಿರ ಅಡಿ, ಬೆಟ್ಟದ ಸೀಮೆಯಾದರೆ ಎರಡು ಸಾವಿರ ಸೇರಿಸಬೇಕು. ಚಿಲ್ಲರೆ ಉಳಿದರೆ ಮೇಲಿನ ನೂರಕ್ಕೆ ಏರಿಸಬೇಕು. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿರುವವನಿಗೆ ಅವನ ತಮ್ಮ ಹಿಂದೆಂದೋ ಇಟ್ಟ ಹೆಸರು ಸಾವಿರಣ್ಣ.

ತಮ್ಮ ಸಣ್ಣ ವಿಮಾನದಲ್ಲಿ ಅಂಚೆ ಸಾಗಿಸುತ್ತಿದ್ದ. ಅವನು ಬೆಟ್ಟಕ್ಕೆ ಬಡಿದು ಹೋಗಿ ಹತ್ತೊಂಬತ್ತು ವರ್ಷ. ಹೆಸರು ಮಾತ್ರ ನಕ್ಷೆ ಕಚೇರಿಯಲ್ಲಿ ಇನ್ನಷ್ಟು ಕಾಲ ಬದುಕಿತ್ತು. ಆಮೇಲೆ ಕರೆಯುವವರೂ ಒಬ್ಬೊಬ್ಬರಾಗಿ ನಿವೃತ್ತರಾದರು. ಆರು ಮೇಜಿನ ಕೋಣೆಯಲ್ಲಿ ಈಗ ಐದಕ್ಕೆ ಧೂಳಿನ ಬಟ್ಟೆ ಹೊದಿಸಿದೆ. ಸಾವಿರಣ್ಣ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ. ತಪ್ಪು ಸಿಗಲಿ ಎಂದು ಅವನು ಹೇಳಿಕೊಳ್ಳುತ್ತಾನೆ. ನಿಜವಾಗಿ, ಕೋಣೆಯಲ್ಲಿ ಒಂದು ದನಿ ಇರಲಿ ಎಂದು. ಮನೆಗೆ ಹೋದರೆ ಅದಕ್ಕೂ ನೆಪವಿಲ್ಲ. ಮದುವೆಯ ಮಾತನ್ನು ಮುಂದೂಡುತ್ತ ಮುಂದೂಡುತ್ತ ಅದು ಮರೆತೇ ಹೋಗಿತ್ತು.

ಒಂದು ಬೆಳಿಗ್ಗೆ ಕಂಕುಳಲ್ಲಿ ನಕ್ಷೆ ಇಟ್ಟುಕೊಂಡು ಒಬ್ಬಳು ಬಂದಳು. ರೋಗಿಗಳನ್ನು ಸಾಗಿಸುವ ವಿಮಾನದ ಪೈಲಟ್. ಕೂತುಕೊಳ್ಳಮ್ಮ ಅಂದರೂ ಕೂರಲಿಲ್ಲ, ಒಂದು ಚೌಕದ ಮೇಲೆ ಬೆರಳಿಟ್ಟಳು. ಅಲ್ಲಿ ಒಂಬತ್ತು ಸಾವಿರದ ನಾನೂರು ಎಂದಿತ್ತು.

"ಬೆಟ್ಟದ ಮೇಲೆ ಸಾವಿರ ಅಡಿ ಗೋಪುರ ಅಂತ ಬರೆದಿದ್ದೀರಿ ಸರ್. ನಿನ್ನೆ ಒಳ್ಳೆ ಬಿಸಿಲಿತ್ತು, ಎರಡು ಸುತ್ತು ಹಾಕಿ ನೋಡಿದೆ. ಅಲ್ಲಿ ಒಂದು ಗೂಟನೂ ಇಲ್ಲ."

ಅವಳು ಬೈಯಲಿಲ್ಲ, ಸಾವಿರಣ್ಣನಿಗೆ ಅದೇ ಕಷ್ಟವಾಯಿತು. ಚಳಿಗಾಲದಲ್ಲಿ ಅಷ್ಟೆತ್ತರಕ್ಕೆ ಹೋದರೆ ತನ್ನ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಹಿಡಿಯುತ್ತದೆ, ಕೆಳಗೆ ಹಾರಲು ನಿಮ್ಮ ಅಂಕಿ ಬಿಡುವುದಿಲ್ಲ ಎಂದಳು. ಕಳೆದ ವಾರ ಬೆಟ್ಟ ತಪ್ಪಿಸಲು ಎರಡು ಗಂಟೆ ಸುತ್ತುಬಳಸಿ ಹೋಗಿದ್ದಳಂತೆ. ವಿಮಾನದಲ್ಲಿ ಗಾಯಗೊಂಡ ಮರ ಕಡಿಯುವವನೊಬ್ಬ ಮಲಗಿದ್ದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ನೋಡುತ್ತೇನೆ ಎಂದು ಸಾವಿರಣ್ಣ ಹೇಳಿದ್ದು ಅವನಿಗೇ ಕೇಳಿಸಲಿಲ್ಲ.

ನೋಡುವುದಕ್ಕೇನಿತ್ತು? ಆ ಗೋಪುರ ಕಟ್ಟಿದವನೇ ಅವನು. ಹತ್ತೊಂಬತ್ತು ವರ್ಷದ ಹಿಂದೆ ಯಾರೋ, ತಮ್ಮ ಬಡಿದು ಹೋದ ಆ ಬೆಟ್ಟದ ಮೇಲೆಯೇ ರೇಡಿಯೋ ಗೋಪುರ ಕಟ್ಟಲು ಅರ್ಜಿ ಹಾಕಿ ಸುಮ್ಮನಾಗಿದ್ದರು. ತಮ್ಮನ ಅಂತ್ಯಕ್ರಿಯೆ ಮುಗಿಸಿ ಬಂದ ವಾರ ಸಾವಿರಣ್ಣ ಅದನ್ನು ಕಟ್ಟಿ ಮುಗಿದದ್ದರ ಪಟ್ಟಿಗೆ ಸೇರಿಸಿಬಿಟ್ಟ. ಎಂಟು ಸಾವಿರದ ನಾನೂರು ಇದ್ದದ್ದು ಸಾವಿರ ಮೇಲೇರಿತು. ಇನ್ನು ಯಾರೂ ಆ ಬೆಟ್ಟದ ಹತ್ತಿರ ಸುಳಿಯಬಾರದು ಎಂಬ ಹಟ. ಪ್ರತಿ ವರ್ಷ ತಪಾಸಣೆಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದ.

ಹಟದ ಕೆಳಗೆ ಇನ್ನೊಂದಿತ್ತು. ಹೊರಡುವ ದಿನ ತಮ್ಮ ಫೋನ್ ಮಾಡಿ, ಅಣ್ಣಾ, ಮೇಲೆ ಮಂಜುಗಡ್ಡೆ ಹಿಡಿಯುತ್ತದಂತೆ, ಆ ಅಂಕಿಯಲ್ಲಿ ನಿಜವಾದ ಬೆಟ್ಟ ಎಷ್ಟು ಎಂದು ಕೇಳಿದ್ದ. ಅಣ್ಣ ನಕ್ಕು ಹೇಳಿದ್ದ: "ಬೆಟ್ಟ ಆರು ಸಾವಿರದ ಮುನ್ನೂರ ನಲವತ್ತು ಕಣೋ. ಉಳಿದದ್ದು ನಮ್ಮಂಥ ಪುಕ್ಕಲರ ಭಯ." ತಮ್ಮ ಆ ಭಯವನ್ನು ಬಿಟ್ಟು ಏಳು ಸಾವಿರದಲ್ಲಿ ಹೊರಟ. ಕಡು ಚಳಿಯಲ್ಲಿ ಎತ್ತರದ ಮಾಪಕ ಸುಳ್ಳು ಹೇಳುತ್ತದೆ, ಏಳು ಸಾವಿರ ತೋರಿಸುವಾಗ ವಿಮಾನ ಎಷ್ಟೋ ಕೆಳಗಿರುತ್ತದೆ. ಎರಡು ಸಾವಿರ ಸೇರಿಸುವುದೇ ಅಂಥದ್ದಕ್ಕಾಗಿ. ಇದು ಸಾವಿರಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಫೋನಿನಲ್ಲಿ ಆಡಿದ ಆ ಮಾತಿನ ಬಗ್ಗೆ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತಪ್ಪಿದ್ದದ್ದು ಅಂಕಿಯಲ್ಲಲ್ಲ, ಅವನ ನಗೆಯಲ್ಲಿ.

ಅವಳು ಹೋದ ಮೇಲೆ ನಕ್ಷೆಯಿಂದ ಗೋಪುರ ತೆಗೆಯುವ ಅರ್ಜಿ ನಮೂನೆಯನ್ನು ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತ. ತೆಗೆದರೆ ಆ ಬೆಟ್ಟದಲ್ಲಿ ತಮ್ಮನಿಗಾಗಿ ತಾನು ಮಾಡಿದ್ದು ಏನೂ ಉಳಿಯುವುದಿಲ್ಲ. ಕೆಲಸವೂ ಉಳಿಯುತ್ತದೆಂಬ ಭರವಸೆ ಇರಲಿಲ್ಲ. ಕೊನೆಗೆ ಕಾರಣದ ಜಾಗದಲ್ಲಿ "ಎಂದೂ ಕಟ್ಟಿರಲಿಲ್ಲ, ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವ ಅವಸರವಿರಲಿಲ್ಲ, ನೋಡುವವರು ಯಾರು?

ನಕ್ಷೆಯ ತಿದ್ದುಪಡಿ ಹೊರಟ ವಾರ ಮೇಜಿನ ಫೋನ್ ಬಡಿದುಕೊಂಡಿತು. ಅವಳೇ. ಥ್ಯಾಂಕ್ಸ್ ಹೇಳಿದಳು, ಆಮೇಲೆ ಕೇಳಿದಳು.

"ಎಂಟು ಸಾವಿರದ ನಾನೂರರಲ್ಲೂ ಮಂಜುಗಡ್ಡೆ ಹಿಡಿದ್ರೆ ಸರ್? ಅದರಲ್ಲಿ ನಿಜವಾದ ಬೆಟ್ಟ ಎಷ್ಟು?"

ಸಾವಿರಣ್ಣ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಷ್ಟೂ ಬೆಟ್ಟಾನೇ ಅಂದ್ಕೊಳ್ಳಮ್ಮ," ಅಂದ. "ಒಂದಡಿ ಕೆಳಗೂ ಜಾಗ ಇಲ್ಲ. ಆಗದಿದ್ರೆ ತಿರುಗಿ ಬಂದುಬಿಡು."

ಆಯ್ತು ಸರ್ ಎಂದು ಅವಳು ಫೋನ್ ಇಟ್ಟಳು. ಅವನು ಇನ್ನೂ ಹಿಡಿದುಕೊಂಡೇ ಇದ್ದ. ಅಂದು ತಮ್ಮನಿಗೆ ಹೇಳಬೇಕಾಗಿದ್ದದ್ದು ಇಷ್ಟೇ ಇತ್ತು.