ಅಣ್ಣನ ಕೊನೆಯ ಶೇವಿಂಗ್

ನೆನಪಿನ ಶಕ್ತಿ ಅಂದ್ರೆ ನಂದೇ ಅಂತ ಕೊಚ್ಚಿಕೊಳ್ತಿದ್ದವನು ನಾನು. ಯಾರ ಕೆನ್ನೆಯಲ್ಲಿ ಮಚ್ಚೆ, ಯಾರ ತಲೆಯಲ್ಲಿ ಎರಡು ಸುಳಿ, ಎಲ್ಲಾ ಬಾಯಿಪಾಠ. ಅದಕ್ಕೇ ಅಣ್ಣ ತೀರಿಕೊಂಡ ಮೇಲೆ ಅವನ ಮಗಳು ಪುಟ್ಟಿ ನನ್ನ ಕಟಿಂಗ್ ಶಾಪಿಗೇ ಹುಡುಕಿಕೊಂಡು ಬಂದಳು.

"ಚಿಕ್ಕಪ್ಪ, ಅಪ್ಪ ಕೊನೇ ಭಾನುವಾರ ಶೇವಿಂಗಿಗೆ ಬಂದಿದ್ರಲ್ಲ, ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಇವಳಮ್ಮ ಸತ್ತಾಗ ಇವಳು ಬಂದದ್ದು ಎರಡು ದಿನ ತಡವಾಗಿ. ಅವತ್ತು ಮಾತು ಬಿಟ್ಟ ಅಣ್ಣ ಮೂರು ವರ್ಷ ಮಗಳ ಮುಖ ನೋಡಲಿಲ್ಲ. ಹಟಮಾರಿ ಅಂದ್ರೆ ಅವನೇ!

"ಅಂದ ಕಣೇ," ಎಂದೆ. "ಇದೇ ಕುರ್ಚಿ. ನೊರೆ ಹಚ್ಚಿದ್ದೆ. ಕಣ್ಣು ಮುಚ್ಕೊಂಡೇ, 'ನನ್ನ ಹಟ ನನಗೇ ಸಾಕಾಗಿದೆ, ಅವಳು ಬಂದ್ರೆ ಒಳಗೆ ಕರ್ಕೋತೀನಿ' ಅಂದ." ದೇವರಾಣೆ, ಆ ದನಿ ನನ್ನ ಕಿವಿಯಲ್ಲೇ ಇತ್ತು. ಪುಟ್ಟಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಬರತೊಡಗಿದಳು. ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡು, ಟವೆಲ್ಲುಗಳನ್ನು ಮಡಿಸಿಟ್ಟು ಹೋಗುವಳು. ಹೆಂಡತಿ ಮಕ್ಕಳಿಲ್ಲದವನಿಗೆ ಇನ್ನೇನು ಬೇಕು ಹೇಳಿ?

ಒಂದು ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಮ್ಯಾನೇಜರು ಬಂದರು. ಅಣ್ಣನ ಓರಗೆಯವರು, ಅವನ ಹಾಗೇ ಭಾನುವಾರದ ಗಿರಾಕಿ. ನೊರೆ ಹಚ್ಚಿದೆ, ಕಣ್ಣು ಮುಚ್ಚಿದರು.

"ನನ್ನ ಹಟ ನನಗೇ ಸಾಕಾಗಿದೆ ಕಣಯ್ಯಾ. ಮಗಳು ಬಂದ್ರೆ ಒಳಗೆ ಕರ್ಕೋತೀನಿ."

ನನ್ನ ಕೈ ನಿಂತುಹೋಯಿತು. "ಇದನ್ನ ಮೊದಲೂ ಹೇಳಿದ್ರಾ ಸಾರ್?"

"ಒಳ್ಳೇ ಕಥೆ! ವರ್ಷದಿಂದ ಇದೇ ಗೋಳು ತಾನೇ ನಂದು?"

ನೊರೆ ಹಚ್ಚಿದ ಮೇಲೆ ಎಲ್ಲರ ಮುಖವೂ ಒಂದೇ. ಅದೇ ಕುರ್ಚಿ, ಅದೇ ಸೋಪು, ಅದೇ ವಾರ. ಇವರ ಮಾತನ್ನು ಎತ್ತಿ ಅಣ್ಣನ ಬಾಯಿಗೆ ಹಾಕಿಬಿಟ್ಟಿದ್ದೆ. ಹಾಗಾದರೆ ಅವನೇನು ಅಂದಿದ್ದ? ಏನಾದರೂ ಅಂದಿದ್ದನೇ? ತಲೆ ಚಚ್ಚಿಕೊಂಡರೂ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ಭಾನುವಾರಗಳು ಕಲಸುಮೇಲೋಗರವಾಗಿದ್ದವು.

ಬಾಯಿ ಮುಚ್ಚಿಕೊಂಡಿದ್ದರೆ ಪುಟ್ಟಿ ಬರುತ್ತಲೇ ಇರುತ್ತಿದ್ದಳು. ಅದು ನನಗೇನು ಗೊತ್ತಿರಲಿಲ್ಲವೇ? ಆದರೆ ಮಧ್ಯಾಹ್ನ ಅವಳು "ಅಪ್ಪ ಹೇಗಂದ್ರು, ಇನ್ನೊಂದ್ಸಲ ಹೇಳಿ" ಎಂದಾಗ ಮತ್ತೆ ಅದನ್ನೇ ಹೇಳಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ಅಳಲಿಲ್ಲ. "ಹಾಗಾದ್ರೆ ಅಪ್ಪ ನಿಜವಾಗ್ಲೂ ಏನಂದ್ರು ಚಿಕ್ಕಪ್ಪ?"

"ಗೊತ್ತಿಲ್ಲ ಪುಟ್ಟಿ. ಅವತ್ತೇ ಕೊನೆ ಅಂತ ಗೊತ್ತಿದ್ದಿದ್ರೆ ಸರಿಯಾಗಿ ಕೇಳಿಸ್ಕೊಳ್ತಿದ್ದೆ."

ಅವಳು ಚೀಲ ಎತ್ತಿಕೊಂಡು ಹೊರಟಳು. ಇವತ್ತಿಗೆ ನಾಲ್ಕು ಭಾನುವಾರವಾಯಿತು. ಬಂದಿಲ್ಲ.